ಹಗೇವು ತೆರೆದ ಮುತ್ತಾತಂದಿರು

ಲಂಡನ್ನಿನಲ್ಲಿರುವ ಮೊಮ್ಮಗಳು ತಾನು ಬಾಡಿಗೆಗಿರುವ ಮನೆಯಲ್ಲಿ 1921ರಲ್ಲಿ ಯಾರಿದ್ದರು, ಅವರ ಕಸುಬೇನು ಎಂಬುದನ್ನೆಲ್ಲ ಅಲ್ಲಿನ ಜನಗಣತಿಯ ಹಾಳೆಯಲ್ಲಿ ಓದಿ ಹೇಳಿದಂದಿನಿಂದ ಗೌಡರಿಗೆ ಮುತ್ತಾತನ ಹುಚ್ಚು ಹತ್ತಿದೆ. ಗಾಂಧಿ ಬಜಾರಿನಲ್ಲಿ ಬೈ-ಟೂ ಕಾಫಿಗಿಂತ ಮೊದಲೇ ಪ್ರಶ್ನೆ ಬಂತು: "ಮೈಸೂರು ಸಂಸ್ಥಾನದ 1881ರ ಗಣತಿಯಲ್ಲಿ ನಮ್ಮವರೂ ಇರಲೇಬೇಕಲ್ಲವೇ?"

"ಇದ್ದಾರೆ, ಹೆಸರು ಮಾತ್ರ ಇಲ್ಲ," ಎಂದರು ವಕೀಲರು. "ಮೊತ್ತ 41,86,188. ಬೇಕಾದರೆ ಆ ಕೊನೆಯ ಎಂಟರಲ್ಲಿ ಒಬ್ಬರು ನಿಮ್ಮವರೆಂದು ಇಟ್ಟುಕೊಳ್ಳಿ."

ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಮೇಲೆ ಮನೆಮನೆಯ ಹಾಳೆಯನ್ನು ಜನರಿಗೆ ತೆರೆಯುತ್ತಾರೆ. ನಮ್ಮಲ್ಲಿ ಅಚ್ಚಾದದ್ದು ಜಾತಿ, ಕಸುಬು, ತಾಲ್ಲೂಕುಗಳ ಕೋಷ್ಟಕ. 1948ರ ಜನಗಣತಿ ಕಾಯ್ದೆಯಂತೂ ಒಬ್ಬೊಬ್ಬರ ವಿವರವನ್ನು ಯಾರಿಗೂ ತೋರಿಸಕೂಡದು ಎನ್ನುತ್ತದೆ.

ಮೇಷ್ಟರು ಕನ್ನಡಕ ಸರಿಮಾಡಿಕೊಂಡರು. "1871ರಲ್ಲಿ 50,55,412 ಜನರಿದ್ದರು. ಹತ್ತೇ ವರ್ಷದಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಇಳಿಯಿತು. ನಡುವೆ ಬಂದದ್ದು ಧಾತು, ಈಶ್ವರ ಸಂವತ್ಸರಗಳ ಬರ."

ಗೌಡರ ಮುಖ ಅರಳಿತು. "ಆ ಬರದಲ್ಲೇ ನಮ್ಮ ಮುತ್ತಾತ ನೆಲದಡಿ ರಾಗಿ ತುಂಬಿಟ್ಟಿದ್ದ ಹಗೇವು ತೆರೆದು ಊರಿಗೆಲ್ಲ ಅಂಬಲಿ ಹಾಕಿದ್ದು!"

"ನಾನು ಕೇಳಿದ ಮನೆಗಳಲ್ಲೆಲ್ಲ ಮುತ್ತಾತ ಅಂಬಲಿ ಹಾಕಿದವನೇ," ಎಂದರು ವಕೀಲರು. "ಅದನ್ನು ಕುಡಿದವರ ಮರಿಮಕ್ಕಳು ಎಲ್ಲಿ ಹೋದರು?"

ಗೌಡರು ಉತ್ತರಿಸಲಿಲ್ಲ. ಅವರ ಪರವಾಗಿ ನಾನೇ, "ವಿಧಾನಸೌಧದಲ್ಲಿ ರಾಜ್ಯ ಪತ್ರಾಗಾರವಿದೆ, ಹಳೆಯ ಕಂದಾಯದ ಕಡತಗಳಲ್ಲಿ ಹುಡುಕಬಹುದು," ಎಂದೆ.

"ಕಂದಾಯ ಬಾಕಿ ಉಳಿಸಿಕೊಂಡಿದ್ದರೆ ಖಂಡಿತ ಸಿಗುತ್ತಾರೆ."

ಈ ವಕೀಲರಿಗೆ ಕಾಫಿ ಕೊಡಿಸುವುದು ದಂಡ. ಮೇಷ್ಟರು ಶಾಸನಗಳತ್ತ ಹೊರಳಿದರು. ಬೇಗೂರಿನ ನಾಗೇಶ್ವರ ಗುಡಿಯ ವೀರಗಲ್ಲಿನಲ್ಲಿ, ಒಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೇ, ಬೆಂಗಳೂರಿನ ಕಾಳಗದಲ್ಲಿ ಬುಟ್ಟಣಸೆಟ್ಟಿ ಎಂಬಾತ ಸತ್ತ ಎಂದಿದೆ. ಬಿ. ಎಲ್. ರೈಸರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಬೆಂಗಳೂರಿಗೇ ಒಂದು ಸಂಪುಟವಿದೆ.

"ಅಂದರೆ ಕಲ್ಲಿನಲ್ಲಿ ಹೆಸರು ಬರಬೇಕಾದರೆ..."

"ಕಾಳಗದಲ್ಲಿ ಸಾಯಬೇಕು, ಇಲ್ಲವೇ ದಾನ ಕೊಡಬೇಕು," ಎಂದು ವಕೀಲರು ಕಾಫಿಯ ಬಿಲ್ಲನ್ನು ಮೆಲ್ಲಗೆ ಗೌಡರ ಕಡೆ ಸರಿಸಿದರು. ಗೌಡರು ಅದನ್ನು ಅಷ್ಟೇ ಮೆಲ್ಲಗೆ ನನ್ನ ಕಡೆ ಸರಿಸಿದರು.

"ಹೆಳವರನ್ನು ಕರೆಸಿ," ಎಂದರು ಮೇಷ್ಟರು. "ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ತಲೆತಲಾಂತರದ ವಂಶಾವಳಿ ಹೇಳುತ್ತಾರೆ. ಗಣತಿಯಲ್ಲಿ ಸಿಗದ ಹೆಸರು ಅವರ ಬಾಯಲ್ಲಿದೆ."

"ಎತ್ತನ್ನು ಎಲ್ಲಿ ಕಟ್ಟುವುದು? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅತಿಥಿಗಳ ಸ್ಕೂಟರಿಗೂ ಜಾಗವಿಲ್ಲ." ಗೌಡರು ಸ್ವಲ್ಪ ಹೊತ್ತು ಯೋಚಿಸಿ ದನಿ ತಗ್ಗಿಸಿದರು. "ಅಲ್ಲದೆ, ಆ ಹಗೇವಿನ ಕಥೆ ಅವರಲ್ಲಿ ಬೇರೆ ತರಹ ಇದ್ದರೆ?"

"ಅದಕ್ಕೇ ರಾಗಿಯನ್ನು ಮೊದಲು ಅಳೆದು ಕೊಡಿ," ಎಂದರು ವಕೀಲರು. "ವಂಶಾವಳಿಯನ್ನು ಆಮೇಲೆ ಹೇಳಿಸಿ."