ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಹಿಂದಿನ ಚಕ್ರ ಹಿಡೀತಾನೇ ಇಲ್ಲ, ಯಾವ ಟೈರ್ ಹಾಕ್ಲಿ?

ದಾವಣಗೆರೆ_ಡಲ್ಲಾಸ್:
ಎಲ್ಲರಿಗೂ ನಮಸ್ಕಾರ. ನನ್ನದು 2016ರ ಫೋರ್ಡ್ ಮಸ್ಟ್ಯಾಂಗ್ ಜಿಟಿ ಕಾರು, ಮ್ಯಾನ್ಯುಯಲ್ ಗೇರ್. ಎಂಜಿನ್ ಮುಟ್ಟಿಲ್ಲ. ಹೋದ ವಾರ ಎನಿಸ್‌ನ ಟೆಕ್ಸಾಸ್ ಮೋಟರ್‌ಪ್ಲೆಕ್ಸ್‌ಗೆ (ನೇರ ಕಾಲು ಮೈಲಿ ಓಟದ ಡ್ರ್ಯಾಗ್ ಸ್ಟ್ರಿಪ್) ಮೊದಲ ಸಲ ಹೋಗಿದ್ದೆ. ಚೀಟಿಯಲ್ಲಿ ಬಂದದ್ದು: 60 ಅಡಿಗೆ 2.35 ಸೆಕೆಂಡ್, ಕಾಲು ಮೈಲಿಗೆ 13.3, ಕೊನೆಯಲ್ಲಿ ವೇಗ ಗಂಟೆಗೆ 110 ಮೈಲಿ. ಗಾಡಿ ಜೊತೆ ಬಂದ 19 ಇಂಚಿನ ಟೈರೇ, ಗಾಳಿ 32 ಪಿಎಸ್‌ಐ (ಗಾಳಿ ಒತ್ತಡದ ಅಳತೆ). ಎಲ್ಲರ ಹಾಗೆ ಸ್ಟಾರ್ಟಿಂಗ್ ಲೈನ್ ಹಿಂದೆ ಹಾಕಿರೋ ನೀರಲ್ಲಿ ನಿಂತು, ಚಕ್ರ ನಿಂತಲ್ಲೇ ಸುತ್ತಿಸಿ ಟೈರ್ ಬಿಸಿ ಮಾಡೋ ಬರ್ನ್‌ಔಟ್ ಮಾಡಿದೆ, ಆಮೇಲೆ ಇನ್ನೂ ಜಾರ್ತು. ಇದೇ ಗಾಡೀಲಿ ಮನೆಗೂ ವಾಪಸ್ ಬರಬೇಕು. ಸ್ಲಿಕ್ಕಾ (ಗೀರೇ ಇಲ್ಲದ, ರೇಸಿಗೆ ಮಾತ್ರದ ಟೈರ್), ಡ್ರ್ಯಾಗ್ ರೇಡಿಯಲ್ಲಾ (ರಸ್ತೆಗೂ ಇಳಿಸಬಹುದಾದ, ಮೆತ್ತನೆ ರಬ್ಬರಿನ ರೇಸ್ ಟೈರ್)?

ಹಳೇ_ಗೇರು:
ತಮ್ಮಾ, 110 ಬಂದಿದೆ ಅಂದ್ರೆ ಎಂಜಿನ್ ಗಟ್ಟಿ ಇದೆ. ನೀನು ಕಳಕೊಂಡಿದ್ದೆಲ್ಲ ಮೊದಲ 60 ಅಡೀಲಿ. ಅಲ್ಲಿ 0.1 ಸೆಕೆಂಡ್ ಉಳಿಸಿದ್ರೆ ಕೊನೇಲಿ ಸುಮಾರು 0.15 ಉಳಿಯುತ್ತೆ.

ನೀರಿನ ವಿಷಯ ಮೊದಲು ಕೇಳು. ರೋಡ್ ಟೈರಿನ ಗೀರುಗಳಲ್ಲಿ ನೀರು ತುಂಬ್ಕೊಂಡು ಸ್ಟಾರ್ಟಿಂಗ್ ಲೈನ್‌ವರೆಗೂ ಬರುತ್ತೆ. ನಿನಗೂ ಜಾರುತ್ತೆ, ನಿನ್ನ ಹಿಂದೆ ಬರೋನಿಗೂ ಅಪಾಯ. ಆ ನೀರನ್ನ ಪಕ್ಕದಿಂದ ಸುತ್ತಿ ಹೋಗು. ರೋಡ್ ಟೈರನ್ನ ಹೊಗೆ ಬರೋವರೆಗೆ ಸುಡಲೂಬೇಡ, ಒಣ ಜಾಗದಲ್ಲಿ ಒಂದು ಸಲ ಸುತ್ತಿಸಿ ಧೂಳು ಕೊಡವಿದ್ರೆ ಸಾಕು.

ನಿನಗೆ ಬೇಕಾದ್ದು ಡ್ರ್ಯಾಗ್ ರೇಡಿಯಲ್. ಮಿಕ್ಕಿ ಥಾಂಪ್ಸನ್ ಇಟಿ ಸ್ಟ್ರೀಟ್ ಸಾಲಿನಲ್ಲಿ 305/45 ಅಳತೆಯದು (ಅಗಲ 305 ಮಿ.ಮೀ.) ನೋಡು, 17 ಇಂಚಿನ ಚಕ್ರ ಬೇಕು, ಹಿಂದಕ್ಕೆ ಮಾತ್ರ. ನಾನು ಗಾಳಿ 20ರಿಂದ ಶುರು ಮಾಡ್ತೀನಿ. ಪ್ರತಿ ಓಟಕ್ಕೂ ಒಂದೇ ಒಂದು ಪಿಎಸ್‌ಐ ಇಳಿಸು, ಬೇರೆ ಏನನ್ನೂ ಬದಲಿಸಬೇಡ. 60 ಅಡಿಯ ಸಮಯ ಮತ್ತೆ ಏರಿದ್ರೆ ಹಿಂದಿನ ಅಂಕಿಗೆ ವಾಪಸ್ ಹೋಗು. ಬರ್ನ್‌ಔಟ್ ಗುರುತನ್ನ ಇಳಿದು ನೋಡು: ನಡು ಮಾತ್ರ ಕಪ್ಪಗಿದ್ರೆ ಗಾಳಿ ಜಾಸ್ತಿ, ಎರಡು ಅಂಚು ಮಾತ್ರ ಕಪ್ಪಗಿದ್ರೆ ಕಮ್ಮಿ. ಸಾಲಲ್ಲಿ ನಿಂತಾಗ ಬಿಸಿಲು ಬೀಳೋ ಕಡೆಯ ಟೈರಲ್ಲಿ ಗಾಳಿ ಏರಿರುತ್ತೆ, ಸರದಿ ಬರೋ ಮುಂಚೆ ಎರಡೂ ಅಳೆದು ಸಮ ಮಾಡು. ನನ್ನ ಹತ್ರ ಆರು ವರ್ಷದ ಲೆಕ್ಕ ಒಂದು ನೋಟ್‌ಬುಕ್ಕಲ್ಲಿದೆ. ಎಂಜಿನ್‌ಗೆ ಹಾಕಿದ ದುಡ್ಡಿಗಿಂತ ಅದು ನನಗೆ ಹೆಚ್ಚು ಕೊಟ್ಟಿದೆ.

ತುಮಕೂರು_ವಿ8:
ಅಣ್ಣ ಹೇಳಿದ್ದು ಸರಿ, ಆದ್ರೆ ಇವರದು ಮ್ಯಾನ್ಯುಯಲ್. ಕ್ಲಚ್ ಒಮ್ಮೆಲೇ ಬಿಟ್ರೆ ರೇಡಿಯಲ್ ಆ ಏಟು ತಡೆಯಲ್ಲ, ಒಂದು ಸಲ ಜಾರಿದ್ರೆ ಮತ್ತೆ ಹಿಡಿಯೋದೂ ಕಷ್ಟ. ಬಯಾಸ್ ಪ್ಲೈ (ಒಳಗಿನ ದಾರದ ಪದರ ಓರೆಯಾಗಿರೋ) ಸ್ಲಿಕ್‌ನ ಪಕ್ಕದ ಗೋಡೆ ಮಡಚ್ಕೊಂಡು ಏಟು ನುಂಗುತ್ತೆ. ಆದ್ರೆ ಸ್ಲಿಕ್ ಹಾಕ್ಕೊಂಡು ರಸ್ತೆಗೆ ಇಳಿಯೋ ಹಾಗಿಲ್ಲ. ಇನ್ನೊಂದು, ಟೈರ್ ಜಾರದಿದ್ರೆ ಆ ಏಟು ಹಿಂದಿನ ಚಕ್ರ ತಿರುಗಿಸೋ ದಂಡ, ಅಂದ್ರೆ ಹಾಫ್ ಶಾಫ್ಟ್‌ಗೆ ಬೀಳುತ್ತೆ. ನನ್ನದು ಸ್ಲಿಕ್ ಹಾಕಿದ ಮೊದಲ ರಾತ್ರಿಯೇ ಬಲಗಡೆ ತುಂಡಾಯ್ತು, ಟ್ರಕ್ ಮೇಲೆ ಮನೆಗೆ ತಂದೆ. ರೇಡಿಯಲ್ ಹಾಕಿ ಕ್ಲಚ್ ಸ್ವಲ್ಪ ಜಾರಿಸಿ ಬಿಡಿ.

ಮಲ್ಲಿಗೆ_ಟಿಎಕ್ಸ್:
ಡ್ರ್ಯಾಗ್ ರೇಡಿಯಲ್‌ನಲ್ಲಿ ಗೀರು ಬಹಳ ಕಮ್ಮಿ. ನಮ್ಮವರು ಹೋದ ಮೇ ತಿಂಗಳ ಮಳೇಲಿ ಐ-45 ಹೈವೇ ಮೇಲೆ ಪೂರ್ತಿ ಒಂದು ಸುತ್ತು ತಿರುಗಿ ನಿಂತ್ರು, ಪಕ್ಕದಲ್ಲಿ ನಾನಿದ್ದೆ. ದಯವಿಟ್ಟು ಮಳೆ ಮೋಡ ಇದ್ರೆ ರೋಡ್ ಟೈರ್ ಡಿಕ್ಕೀಲಿ ಒಯ್ದು ಅಲ್ಲೇ ಬದಲಿಸ್ಕೊಳ್ಳಿ. ಓಟ ಮುಗಿದ ಮೇಲೆ ಗಾಳಿ ತುಂಬಿಸದೆ ಹೈವೇ ಹತ್ತಬೇಡಿ.

ದಾವಣಗೆರೆ_ಡಲ್ಲಾಸ್:
ಮೂರು ವಾರ ಆದ್ಮೇಲೆ ಬರೀತಿದ್ದೀನಿ. 305 ಹಾಕಿಸಿದೆ. 20ಕ್ಕೆ 60 ಅಡಿ 2.04, 18ಕ್ಕೆ 1.95, 17ಕ್ಕೆ 1.91, 16ಕ್ಕೆ ಮತ್ತೆ 1.96. 17ರಲ್ಲಿ ಕಾಲು ಮೈಲಿ 12.6! ಮಲ್ಲಿಗೆ ಅಕ್ಕ, ರೋಡ್ ಟೈರ್ ಡಿಕ್ಕೀಲೇ ಇತ್ತು, ಹೊರಡೋವಾಗ ಕೊರ್ಸಿಕಾನಾ ಊರಿನ ಕಡೆಯಿಂದ ಗುಡುಗು ಕೇಳಿಸ್ತು, ಟ್ರ್ಯಾಕಲ್ಲೇ ಬದಲಿಸ್ಕೊಂಡು ಹೊರಟೆ.