ಅಪ್‌ಡೇಟ್: ರಾಜ್ಯಶಾಸ್ತ್ರದ ಜೊತೆ ಅಪರಾಧಶಾಸ್ತ್ರವೂ ಸಿಕ್ಕಿತು

ಬಿಎಯಲ್ಲಿ ಈ ಎರಡನ್ನೂ ಒಟ್ಟಿಗೆ ಓದಬಹುದಾ ಎಂದು ಕಳೆದ ತಿಂಗಳು ಕೇಳಿದ್ದೆ. ಧಾರವಾಡದಲ್ಲಿ ಸೀಟು ಸಿಕ್ಕಿದೆ! 'ಕಾಲೇಜಿಗೇ ಹೋಗಿ ಕಾಂಬಿನೇಷನ್ ಪಟ್ಟಿ ನೋಡು' ಎಂದವರಿಗೆ ತುಂಬಾ ಥ್ಯಾಂಕ್ಸ್. ನೋಟಿಸ್ ಬೋರ್ಡಿನ ಮೂಲೆಯಲ್ಲಿ, ಪೆನ್ನಿನಲ್ಲಿ ಸೇರಿಸಿದ್ದ ಕೊನೆಯ ಸಾಲಿನಲ್ಲಿ ಅದು ಇತ್ತು. ಫೋನ್ ಮಾಡಿ ಕೇಳುವ ಸಲಹೆ ಕೆಲಸಕ್ಕೆ ಬರಲಿಲ್ಲ. ಮೂರು ಸಲ ಮಾಡಿದೆ, ಮೂರು ಉತ್ತರ ಬಂತು.

ಎರಡೂ ದೂರದ ವಿಷಯಗಳು ಅಂದುಕೊಂಡಿದ್ದೆ. ಮೊದಲ ವಾರವೇ ಬೆರಗಾದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯಂತೆ ಜೈಲಿನಲ್ಲಿರುವ ವಿಚಾರಣಾಧೀನ ಕೈದಿ ಮತ ಹಾಕುವಂತಿಲ್ಲ. ಆದರೆ ಚುನಾವಣೆಗೆ ನಿಲ್ಲಬಹುದು! 2013ರ ತಿದ್ದುಪಡಿ ಅದಕ್ಕೆ ದಾರಿ ಮಾಡಿತು. ಇದು ಯಾವ ಕ್ಲಾಸಿನ ಪಾಠ? ಎರಡರದ್ದೂ ಅಲ್ವಾ! ಇದನ್ನು ಬಿಡಿಬಿಡಿಯಾಗಿ ಓದಿದ್ದರೆ ಅರ್ಧವೇ ತಿಳಿಯುತ್ತಿತ್ತು. ಸೇರುವವರು ಎರಡರ ಟೈಮ್‌ಟೇಬಲ್ ಮೊದಲೇ ಹೊಂದಿಸಿ ನೋಡಿ.