ಗಿಟಾರಿನಲ್ಲಿ ಬಾರ್ ಹಿಡಿಯದೆ ಬಿ ಮೈನರ್, ಎಫ್ ಶಾರ್ಪ್ ಮೈನರ್: ಯಾವ ಸ್ವರ ಬಿಟ್ಟರೆ ಹಾಡು ಕೆಡುವುದಿಲ್ಲ?

ಹೊಸತಂತಿ:
ಬರೆಯುತ್ತಿರುವ ಹಾಡು ಡಿ ಮೇಜರಿನಲ್ಲಿದೆ. ಪಲ್ಲವಿಗೆ ಡಿ, ಎ, ಬಿ ಮೈನರ್, ಜಿ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಚರಣದಲ್ಲಿ ಒಂದು ಕಡೆ ಎಫ್ ಶಾರ್ಪ್ ಮೈನರ್. ಬಿ ಮೈನರ್‌ಗೆ ಬಾರ್ (ಒಂದೇ ಬೆರಳಿನಿಂದ ಹಲವು ತಂತಿಗಳನ್ನು ಅಡ್ಡಲಾಗಿ ಒತ್ತುವುದು) ಹಾಕುವಷ್ಟರಲ್ಲಿ ಲಯ ತಪ್ಪುತ್ತದೆ, 1ನೇ ತಂತಿ ನುಡಿಯದೆ ಟಕ್ ಅನ್ನುತ್ತದೆ. ಸುಲಭದ ರೂಪಗಳು ಯಾವುವು? ಇನ್ನೊಂದು ಪ್ರಶ್ನೆ: ಎಫ್ ಬದಲು ಎಫ್ ಮೇಜರ್ ಸೆವೆನ್ ಹಿಡಿದರೆ ಕೆಲವು ಹಾಡಿಗೆ ಚೆನ್ನಾಗಿ ಕೂರುತ್ತದೆ, ಕೆಲವು ಕಡೆ ಕಿವಿಗೆ ಚುಚ್ಚುತ್ತದೆ. ಯಾಕೆ?

ಮರಕುದುರೆ:
ದಪ್ಪ ತಂತಿಯಿಂದ (6ನೇದು) ಸಣ್ಣ ತಂತಿಯ (1ನೇದು) ಕಡೆಗೆ ಬರೆಯುತ್ತೇನೆ. ಅಂಕೆ ಅಂದರೆ ಒತ್ತಬೇಕಾದ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹಪಟ್ಟಿಗಳ ಎಣಿಕೆ). × ಅಂದರೆ ನುಡಿಸಬಾರದು, 0 ಅಂದರೆ ಓಪನ್, ಒತ್ತದೆ ನುಡಿಸುವುದು.

ಬಿ ಮೈನರ್ ಸೆವೆನ್: × 2 0 2 0 2. ತೋರುಬೆರಳು 5ನೇ ತಂತಿಗೆ, ನಡುಬೆರಳು 3ಕ್ಕೆ, ಉಂಗುರ ಬೆರಳು 1ಕ್ಕೆ, ಎಲ್ಲವೂ 2ನೇ ಫ್ರೆಟ್‌ನಲ್ಲಿ. ಇಲ್ಲಿ ಹೊಸದಾಗಿ ಸೇರುವುದು ಎ ಸ್ವರ ಮಾತ್ರ. ನಿಮ್ಮ ಹಾಡಿನಲ್ಲಿ ಹಿಂದಿನ ಕಾರ್ಡೇ ಎ ಆಗಿರುವುದರಿಂದ ಆ ಸ್ವರ ಕಿವಿಯಲ್ಲಿ ಆಗಲೇ ಇರುತ್ತದೆ, ಅಡ್ಡ ಬರುವುದಿಲ್ಲ. ಎಡವುವುದು ಬೇರೆ ಕಡೆ: ಮೀಟುವಾಗ 6ನೇ ತಂತಿಯೂ ನುಡಿದುಬಿಡುತ್ತದೆ. ತಳದಲ್ಲಿ ಅದರ ಈ (E) ಸ್ವರ ಬಂದರೆ ಅದು ಬಿ ಮೈನರ್ ಅನ್ನಿಸುವುದೇ ಇಲ್ಲ. ತೋರುಬೆರಳಿನ ತುದಿ 6ನೇ ತಂತಿಗೆ ಸ್ವಲ್ಪ ತಾಗಿಕೊಂಡಿರಲಿ, ಅದು ತಾನಾಗಿ ಮುಚ್ಚಿಕೊಳ್ಳುತ್ತದೆ.

ಸಾಹಿತ್ಯ ಭಾರವಾಗುವ ಸಾಲಿನಲ್ಲಿ ಸೆವೆನ್ ತುಸು ಹಗುರ ಅನ್ನಿಸಬಹುದು. ಅಲ್ಲಿ × × 4 4 3 2 ಹಿಡಿಯಿರಿ. ಇದು ಪೂರ್ತಿ ಬಿ ಮೈನರ್, ಕಳೆದುಕೊಂಡದ್ದು ತಳದ ಬಿ ಒಂದನ್ನೇ.

ಎಫ್ ಶಾರ್ಪ್ ಮೈನರ್: × × 4 2 2 2. ತೋರುಬೆರಳು ಮೂರು ಸಣ್ಣ ತಂತಿಗಳನ್ನಷ್ಟೇ ಒತ್ತಿದರೆ ಸಾಕು, ಉಂಗುರ ಬೆರಳು 4ನೇ ತಂತಿಗೆ. ಅದೂ ಕಷ್ಟ ಅಂದರೆ 2 × 0 2 3 2, ಅಂದರೆ ತಳದಲ್ಲಿ ಎಫ್ ಶಾರ್ಪ್ ಇಟ್ಟ ಡಿ. ತಳದ ನಡೆ ಉಳಿಯುತ್ತದೆ, ಆದರೆ ಮೈನರ್‌ನ ಬಣ್ಣ ಹೋಗುತ್ತದೆ. ಅಲ್ಲಿ ನಿಮ್ಮ ರಾಗ ಸಿ ಶಾರ್ಪ್ ಮೇಲೆ ನಿಲ್ಲುತ್ತಿದ್ದರೆ ಇದನ್ನು ಮುಟ್ಟಬೇಡಿ, ಡಿ ಜೊತೆ ಅರ್ಧ ಸ್ವರದ ತಿಕ್ಕಾಟ ಶುರುವಾಗುತ್ತದೆ.

ಏಳನೇಸ್ವರ:
ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಆ ತಿಕ್ಕಾಟವೇ. ಎಫ್ ಮೇಜರ್ ಸೆವೆನ್‌ನಲ್ಲಿ (× × 3 2 1 0) ಓಪನ್ 1ನೇ ತಂತಿ ಈ (E) ಸ್ವರ ಕೊಡುತ್ತದೆ, ಅದು ಎಫ್‌ಗಿಂತ ಅರ್ಧ ಸ್ವರ ಕೆಳಗೆ. ಹಾಡುವವರು ಅದೇ ಗಳಿಗೆಯಲ್ಲಿ ಎಫ್ ಸ್ವರವನ್ನು ಎಳೆದು ಹಿಡಿದರೆ ಚುಚ್ಚುತ್ತದೆ. ಎ ಅಥವಾ ಸಿ ಹಾಡುತ್ತಿದ್ದರೆ ಸಿಹಿಯಾಗಿ ಕೇಳುತ್ತದೆ.

ಹಾಡಿನ ಕೀ (ಆಧಾರ ಸ್ಕೇಲ್) ಕೂಡ ನೋಡಿ. ಸಿ ಮೇಜರ್‌ನಲ್ಲಿ ಎಫ್ ನಾಲ್ಕನೇ ಕಾರ್ಡ್, ಈ (E) ಸ್ವರ ಆ ಸ್ಕೇಲಿನದೇ, ಹೊಂದುತ್ತದೆ. ಬಿ ಫ್ಲ್ಯಾಟ್ ಮೇಜರ್‌ನಲ್ಲಿ ಎಫ್ ಐದನೇ ಕಾರ್ಡ್, ಅಲ್ಲಿನ ಸ್ಕೇಲಿಗೆ ಬೇಕಾದದ್ದು ಈ (E) ಫ್ಲ್ಯಾಟ್. ಅಲ್ಲಿ ಮೇಜರ್ ಸೆವೆನ್ ಹಿಡಿದರೆ ಮರಳಿ ಮನೆಗೆ, ಅಂದರೆ ಬಿ ಫ್ಲ್ಯಾಟ್ ಕಾರ್ಡ್‌ಗೆ, ಹೋಗುವ ಸೆಳೆತವೇ ಕಾಣೆಯಾಗುತ್ತದೆ. 1ನೇ ತಂತಿ ಬಿಟ್ಟು × × 3 2 1 × ನುಡಿಸಿ: ಎಫ್, ಎ, ಸಿ ಮೂರೂ ಸಿಗುತ್ತವೆ, ಯಾವ ಕೀಗೂ ನಡೆಯುತ್ತದೆ.

ಕೇಪೊ2:
ಕೇಪೊ (ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್‌ನಲ್ಲಿ ಒತ್ತಿಹಿಡಿಯುವ ಕ್ಲಿಪ್) ಇದ್ದರೆ 2ನೇ ಫ್ರೆಟ್‌ಗೆ ಹಾಕಿ, ಸಿ, ಜಿ, ಎ ಮೈನರ್, ಎಫ್, ಚರಣದಲ್ಲಿ ಈ (E) ಮೈನರ್ ಹಿಡಿಯಿರಿ. ಶ್ರುತಿ ಡಿ ಆಗಿಯೇ ಉಳಿಯುತ್ತದೆ, ಕಷ್ಟದ್ದು ಎಫ್ ಒಂದೇ. ಕೇಪೊ ಹಾಕಿದ ಮೇಲೆ ಮತ್ತೊಮ್ಮೆ ಟ್ಯೂನ್ ಮಾಡಿ, ಬಿಗಿ ಹೆಚ್ಚಾದರೆ ಸ್ವರ ಏರಿರುತ್ತದೆ.

ಮರಕುದುರೆ:
ಬಾರ್ ಕಲಿಯುವುದನ್ನು ಮಾತ್ರ ಕೈಬಿಡಬೇಡಿ. ಬಿ ಮೈನರ್‌ನಲ್ಲಿ (× 2 4 4 3 2) ತೋರುಬೆರಳು ನಿಜವಾಗಿ ನುಡಿಸಬೇಕಾದದ್ದು 5 ಮತ್ತು 1ನೇ ತಂತಿ ಎರಡೇ. ನಡುವಿನವನ್ನು ಬೇರೆ ಬೆರಳುಗಳು ಒತ್ತಿರುತ್ತವೆ. ಇಡೀ ಬೆರಳಿಗೆ ಬಲ ಹಾಕುವುದರಿಂದಲೇ ಕೈ ಸೋಲುವುದು. ಬೆರಳನ್ನು ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಕಡೆಗೆ ತುಸು ಹೊರಳಿಸಿ, ಮೂಳೆಯಿರುವ ಅಂಚಿನಿಂದ ಒತ್ತಿ.

1ನೇ ಫ್ರೆಟ್‌ನಲ್ಲಿ ಎಫ್ ಒತ್ತಲು ವಿಪರೀತ ಬಲ ಬೇಕು, 5ನೇ ಫ್ರೆಟ್‌ನಲ್ಲಿ ಅದೇ ಆಕಾರ ಸಲೀಸು ಅಂದರೆ ನಟ್ ಎತ್ತರವಾಗಿರಬಹುದು. ತಂತಿಯನ್ನು 2 ಮತ್ತು 3ನೇ ಫ್ರೆಟ್ ನಡುವೆ ಒತ್ತಿಹಿಡಿದು 1ನೇ ಫ್ರೆಟ್ ಮೇಲಿನ ಸಂದು ನೋಡಿ. ಕೂದಲೆಳೆಯಷ್ಟು ಇದ್ದರೆ ಸರಿ. ಹೆಚ್ಚಿದ್ದರೆ ರಿಪೇರಿಯವರ ಹತ್ತಿರ ನಟ್‌ನ ತೋಡು ಆಳ ಮಾಡಿಸಿ. ನೀವೇ ಅರ ಹಿಡಿಯಬೇಡಿ: ಒಂದೆಳೆ ಹೆಚ್ಚು ಉಜ್ಜಿದರೂ ಓಪನ್ ತಂತಿ ಝರ್ ಅನ್ನುತ್ತದೆ.

ಹೊಸತಂತಿ:
ಚರಣದ ರಾಗ ಸಿ ಶಾರ್ಪ್ ಮೇಲೆಯೇ ನಿಲ್ಲುತ್ತದೆ. ಹಾಗಾದರೆ ಅಲ್ಲಿ × × 4 2 2 2, ಪಲ್ಲವಿಗೆ ಬಿ ಮೈನರ್ ಸೆವೆನ್.